ಬೆಟ್ಟದಲ್ಲಿ ಎಲ್ಕ್‌ಗೆ ಮೊದಲ ಬಿಲ್ಲುಬೇಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಅಮೆರಿಕದ ಕೊಲರಾಡೊ ರಾಜ್ಯದ ಸೆಪ್ಟೆಂಬರ್ ತಿಂಗಳ ಬಿಲ್ಲುಬೇಟೆಯ ಋತುವಿಗೆ ಸಂಬಂಧಿಸಿದವು. ಪಕ್ಕದ ವ್ಯೋಮಿಂಗ್, ಮೊಂಟಾನಾ, ಐಡಹೊಗಳಲ್ಲಿ ಬೆಟ್ಟ, ಗಾಳಿ, ಪ್ರಾಣಿ ಎಲ್ಲ ಹೆಚ್ಚುಕಡಿಮೆ ಒಂದೇ, ಕಾನೂನು ಮಾತ್ರ ಬೇರೆ.

ಎಲ್ಕ್ ಅಂದರೆ ನಮ್ಮ ಕಡವೆಯೇ?

ಅಲ್ಲ, ಆದರೆ ದೂರದ ನೆಂಟ. ಎರಡೂ ಜಿಂಕೆಯ ಕುಟುಂಬಕ್ಕೆ ಸೇರಿದವು. ರಾಕಿ ಪರ್ವತದ ಬಲಿತ ಗಂಡು ಎಲ್ಕ್ ಸುಮಾರು 320 ಕಿಲೋ ತೂಗುತ್ತದೆ, ಹೆಣ್ಣು 225 ಕಿಲೋ ಆಸುಪಾಸು. ಹಿಂಭಾಗದ ತೆಳುಬಣ್ಣದ ಮಚ್ಚೆಯಿಂದಾಗಿ ಅಮೆರಿಕದ ಮೂಲನಿವಾಸಿಗಳಾದ ಶಾನೀ ಜನರ ಭಾಷೆಯಲ್ಲಿ ಅದಕ್ಕೆ ವಾಪಿಟಿ, ಅಂದರೆ ಬಿಳಿ ಪೃಷ್ಠದ್ದು ಎಂದು ಹೆಸರು. ಯುರೋಪಿನಲ್ಲಿ ಎಲ್ಕ್ ಎಂದು ಕರೆಯುವುದು ಇನ್ನೊಂದು ಪ್ರಾಣಿಯನ್ನು. ಅಮೆರಿಕದಲ್ಲಿ ಅದರ ಹೆಸರು ಮೂಸ್. ಕೊಲರಾಡೊದಲ್ಲಿ ಮೂಸ್ ಕೂಡ ಇದೆ, ಎಲ್ಕ್ ಎಂದುಕೊಂಡು ಅದನ್ನು ಹೊಡೆದು ಕೇಸು ಹಾಕಿಸಿಕೊಳ್ಳುವವರೂ ಇದ್ದಾರೆ. ಮೂಸ್‌ನ ಮೈ ಕಡುಕಂದು, ಮೂತಿ ಉದ್ದ ಮತ್ತು ಜೋತುಬಿದ್ದದ್ದು, ಗಂಡಿನ ಕೊಂಬು ಅಂಗೈಯಂತೆ ಚಪ್ಪಟೆ. ಎಲ್ಕ್‌ನ ಮೈ ಒಣಹುಲ್ಲಿನ ಬಣ್ಣ, ಕುತ್ತಿಗೆ ಮಾತ್ರ ಗಾಢ, ಕೊಂಬು ಕವಲೊಡೆದ ಕಡ್ಡಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಡವೆ ಬೇಟೆ ಅಪರಾಧ. ಈ ಪುಟದ ಯಾವ ಮಾತನ್ನೂ ಅಲ್ಲಿಗೆ ಅನ್ವಯಿಸಬೇಡಿ.

ಪರವಾನಗಿಗೆ ಯಾವಾಗ ಓಡಾಡಬೇಕು?

ಬೇಟೆ ಸೆಪ್ಟೆಂಬರಿನಲ್ಲಾದರೂ ಕಾಗದದ ಕೆಲಸ ಶುರುವಾಗುವುದು ಹಿಂದಿನ ಚಳಿಗಾಲದಲ್ಲಿ. ಬಿಲ್ಲಿನ ಋತು ಸಾಮಾನ್ಯವಾಗಿ ಸೆಪ್ಟೆಂಬರ್ 2ರಿಂದ 30ರವರೆಗೆ. ಪರವಾನಗಿ ಹಂಚುವ ಮುಖ್ಯ ಲಾಟರಿಯ ಅರ್ಜಿ ಏಪ್ರಿಲ್ ಮೊದಲ ವಾರದಲ್ಲೇ ಮುಚ್ಚುತ್ತದೆ. 2025ರಿಂದ ಹೊರರಾಜ್ಯದವರಿಗೆ ಬಿಲ್ಲಿನ ಎಲ್ಕ್ ಪರವಾನಗಿ ಅಂಗಡಿಯಲ್ಲಿ ನೇರವಾಗಿ ಸಿಗುವುದು ನಿಂತಿದೆ. ಲಾಟರಿಯೇ ಗತಿ. ಹಳೆಯ ಲೇಖನಗಳನ್ನು ಓದಿ ಆಗಸ್ಟಿನಲ್ಲಿ ಕೊಂಡರಾಯಿತು ಎಂದು ಕೂತವರು ಮನೆಯಲ್ಲೇ ಉಳಿಯುತ್ತಾರೆ. ಹೊರರಾಜ್ಯದವರ ಶುಲ್ಕ 800 ಡಾಲರ್ ದಾಟಿದೆ. ನಿವಾಸಿಗಳಿಗೆ ಅದರ ಸಣ್ಣ ಪಾಲು ಮಾತ್ರ. ನಿವಾಸಿ ಎನಿಸಿಕೊಳ್ಳಲು ರಾಜ್ಯದಲ್ಲಿ ಸತತ ಆರು ತಿಂಗಳು ವಾಸವಾಗಿರಬೇಕು.

1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದ ಎಲ್ಲರೂ ಬೇಟೆ ಸುರಕ್ಷತೆಯ ತರಬೇತಿಯ ಪ್ರಮಾಣಪತ್ರ ತೋರಿಸಬೇಕು. ಭಾರತದಿಂದ ಬಂದವರ ಬಳಿ ಇದು ಇರುವುದಿಲ್ಲ, ಆದ್ದರಿಂದ ಮೊದಲ ಕೆಲಸ ಇದೇ. ಜನವರಿಯಲ್ಲೇ ಮುಗಿಸಿ.

ಅರ್ಜಿ ಹಾಕುವಾಗ ಬೇಟೆ ಘಟಕದ (ಬೇಟೆಗಾಗಿ ರಾಜ್ಯವನ್ನು ಹಂಚಿದ ಪ್ರದೇಶಗಳಲ್ಲೊಂದರ) ಸಂಖ್ಯೆ ಕೊಡಬೇಕು. ಪರವಾನಗಿ ಯಾವ ಘಟಕಕ್ಕೆ ಇದೆಯೋ ಅಲ್ಲಿ ಮಾತ್ರ ಬೇಟೆ. ನಿಯಮಪುಸ್ತಕವನ್ನು ಪ್ರತಿ ವರ್ಷ ರಾಜ್ಯದ ವನ್ಯಜೀವಿ ಇಲಾಖೆಯಾದ ಕೊಲರಾಡೊ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್ ಪ್ರಕಟಿಸುತ್ತದೆ. ಹೋದ ವರ್ಷದ ಪ್ರತಿಯನ್ನು ನಂಬಬೇಡಿ.

ವೀಸಾದ ಮೇಲಿರುವವರು ಬೇಟೆಯಾಡಬಹುದೇ?

ಪೌರತ್ವ ಇಲ್ಲ ಎಂಬ ಕಾರಣಕ್ಕೆ ಪರವಾನಗಿ ತಪ್ಪುವುದಿಲ್ಲ. ಎಚ್‌-1ಬಿಯಂಥ ವೀಸಾದವರು ಬಂದೂಕು ಇಟ್ಟುಕೊಳ್ಳುವುದರ ಮೇಲೆ ಕೇಂದ್ರದ ಕಾನೂನಿನಲ್ಲಿ ನಿರ್ಬಂಧಗಳಿವೆ, ವಿನಾಯಿತಿಗಳೂ ಇವೆ. ಬಿಲ್ಲು ಆ ಕಾನೂನಿನ ಬಂದೂಕಿನ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ.

ಎಂಥ ಬಿಲ್ಲು, ಎಷ್ಟು ಬಿಗಿ?

ಕಾನೂನು ಕೇಳುವ ಕನಿಷ್ಠ ಎಳೆತ, ಅಂದರೆ ಹೆದೆ ಎಳೆಯಲು ಬೇಕಾದ ಬಲ, 35 ಪೌಂಡ್. ಎಲ್ಕ್‌ನ ಪಕ್ಕೆಲುಬು ದಪ್ಪ, ಎದೆ ಅಗಲ. ಆದ್ದರಿಂದ ಕಂಪೌಂಡ್ ಬಿಲ್ಲಿನಲ್ಲಿ (ತುದಿಗಳಲ್ಲಿ ರಾಟೆಗಳಿರುವ ಆಧುನಿಕ ಬಿಲ್ಲು) 50ರಿಂದ 70 ಪೌಂಡ್ ಇಟ್ಟುಕೊಳ್ಳಿ. ನಿಮ್ಮ ಮಿತಿ ತಿಳಿಯಲು ಒಂದು ಪರೀಕ್ಷೆ ಇದೆ. ನೆಲದ ಮೇಲೆ ಕೂತು, ಬಿಲ್ಲನ್ನು ಎದೆಯ ಎತ್ತರದಲ್ಲಿ ಮುಂದಕ್ಕೆ ಚಾಚಿ, ಆಕಾಶಕ್ಕೆ ಎತ್ತದೆ ನಿಧಾನವಾಗಿ ಹೆದೆ ಎಳೆಯಿರಿ. ಬಿಲ್ಲನ್ನು ಮೇಲಕ್ಕೆತ್ತಿ ಜಗ್ಗಬೇಕಾಯಿತೆಂದರೆ ಬಿಗಿ ಹೆಚ್ಚಾಯಿತು, 5 ಪೌಂಡ್ ಇಳಿಸಿ. 20 ಗಜ ದೂರದ ಪ್ರಾಣಿಯ ಮುಂದೆ ಆ ಜಗ್ಗಾಟಕ್ಕೆ ಅವಕಾಶವಿಲ್ಲ, ಮುಂಜಾನೆಯ ಚಳಿಯಲ್ಲಿ ಸ್ನಾಯು ಇನ್ನಷ್ಟು ಪೆಡಸಾಗಿರುತ್ತದೆ. ಅಡ್ಡಬಿಲ್ಲಿಗೆ (ಕ್ರಾಸ್‌ಬೋ) ಈ ಋತುವಿನಲ್ಲಿ ಅನುಮತಿ ಇಲ್ಲ, ಅಂಗವೈಕಲ್ಯಕ್ಕಾಗಿ ವಿಶೇಷ ಅನುಮತಿ ಪಡೆದವರನ್ನು ಬಿಟ್ಟು.

ಬಾಣ ಮತ್ತು ಮೊನೆ?

ಮೊನೆ ಸೇರಿ ಒಟ್ಟು ತೂಕ 425ರಿಂದ 500 ಗ್ರೇನ್ ಇರಲಿ (ಒಂದು ಗ್ರಾಮಿಗೆ ಸುಮಾರು 15 ಗ್ರೇನ್). ಹಗುರ ಬಾಣ ವೇಗವಾಗಿ ಹೋಗುತ್ತದೆ, ಆದರೆ ಮೂಳೆ ತಾಗಿದರೆ ಅಲ್ಲೇ ನಿಲ್ಲುತ್ತದೆ. ಮೊನೆ 100 ಅಥವಾ 125 ಗ್ರೇನ್‌ನದು, ಅಲಗು ಅಲುಗಾಡದ ಸ್ಥಿರ ಬಗೆಯದು. ಹಾರುವಾಗ ಮುಚ್ಚಿಕೊಂಡಿದ್ದು ತಾಗಿದಾಗ ಬಿಚ್ಚಿಕೊಳ್ಳುವ ಮೊನೆಗಳೂ ಸಿಗುತ್ತವೆ. ಆದರೆ ಬಿಚ್ಚಿಕೊಳ್ಳಲೂ ಶಕ್ತಿ ಬೇಕು, ಕಡಿಮೆ ಬಿಗಿಯ ಬಿಲ್ಲಿನವರಿಗೆ ಅವು ಒಗ್ಗುವುದಿಲ್ಲ. ಕೊಲರಾಡೊದಲ್ಲಿ ಮೊನೆಯ ಅಗಲ ಕನಿಷ್ಠ ಒಂದು ಇಂಚಿನ ಎಂಟರಲ್ಲಿ ಏಳು ಪಾಲು ಇರಬೇಕು, ಕನಿಷ್ಠ ಎರಡು ಉಕ್ಕಿನ ಅಲಗು ಇರಬೇಕು.

ಅಭ್ಯಾಸದ ಮೊನೆಗೆ ಹೊಂದಿಸಿದ ಬಿಲ್ಲು ಬೇಟೆಯ ಮೊನೆಯನ್ನೂ ಅಲ್ಲಿಗೇ ಒಯ್ಯುತ್ತದೆ ಎಂದುಕೊಳ್ಳುವುದು ಹೊಸಬರ ದೊಡ್ಡ ತಪ್ಪು. ಅಲಗುಗಳು ಸಣ್ಣ ರೆಕ್ಕೆಗಳಂತೆ ಗಾಳಿ ಹಿಡಿಯುತ್ತವೆ. ಬಾಣ ಕೂದಲೆಳೆಯಷ್ಟು ಓರೆಯಾಗಿ ಹೊರಟರೂ ಅವು ಅದನ್ನು ಎಳೆದೊಯ್ಯುತ್ತವೆ. 40 ಗಜದಲ್ಲಿ ಎರಡೂ ಬಗೆಯ ಮೊನೆ ಹಾಕಿ ಮೂರು ಮೂರು ಬಾಣ ಬಿಡಿ. ಬೇಟೆಯ ಮೊನೆಗಳು ಎಡಕ್ಕೆ ಬಿದ್ದರೆ ಬಾಣದ ಆಸರೆಯನ್ನು ಬಲಕ್ಕೆ ಸರಿಸಿ, ಮೇಲೆ ಬಿದ್ದರೆ ಕೆಳಕ್ಕೆ. ಒಮ್ಮೆಗೆ ಇಂಚಿನ 32ರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಎರಡು ಗುಂಪುಗಳೂ ಒಂದಾಗುವವರೆಗೆ ಮಾಡಿ, ಗುರಿಸೂಜಿಯನ್ನು (ಒಂದೊಂದು ದೂರಕ್ಕೆ ಗುರಿ ಹಿಡಿಯಲು ಬಿಲ್ಲಿನ ಮೇಲೆ ಹೊಂದಿಸಿದ ಸೂಜಿ) ಆಮೇಲೆ ಮುಟ್ಟಿ. ಇದಕ್ಕೆ ಎರಡು ಮೂರು ಸಂಜೆ ಹಿಡಿಯುತ್ತದೆ, ಆಗಸ್ಟ್ ಕೊನೆಗೆ ತಳ್ಳಬೇಡಿ. ಅಭ್ಯಾಸಕ್ಕೆ ಬಳಸಿದ ಅಲಗು ಮೊಂಡಾಗಿರುತ್ತದೆ, ಬೇಟೆಗೆ ಹೊಸದನ್ನೇ ಹಾಕಿ. ಮೊನೆ ತಿರುಗಿಸುವಾಗ ಬರಿಗೈ ಬೇಡ, ಅದಕ್ಕೆಂದೇ ಇರುವ ಸ್ಪ್ಯಾನರ್ ಬಳಸಿ.

ಎಷ್ಟು ದೂರದಿಂದ ಬಾಣ ಬಿಡಬಹುದು?

ಎಂಟು ಇಂಚಿನ ತಟ್ಟೆ ಇಡಿ. ಬೇಟೆಯ ಬಟ್ಟೆ, ಬೆನ್ನಚೀಲ ಹಾಕಿಕೊಂಡು, 100 ಮೀಟರ್ ಓಡಿ ಬಂದು, ಏದುಸಿರಲ್ಲಿ ಐದು ಬಾಣ ಬಿಡಿ. ಐದೂ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಮಿತಿ. ಬಹಳಷ್ಟು ಹೊಸಬರಿಗೆ ಅದು 30 ಗಜದ ಆಚೀಚೆ, ಕಾಡಿನಲ್ಲಿ ಸಿಗುವ ಅವಕಾಶಗಳಿಗೆ ಅಷ್ಟು ಸಾಕು. ದಿನದ ಮೊದಲ ಬಾಣವನ್ನು ಬೇರೆಯಾಗಿ ಬರೆದಿಡಿ. ಬೆಟ್ಟದಲ್ಲಿ ಸಿಗುವುದು ಆ ತಣ್ಣನೆಯ ಮೊದಲ ಬಾಣ ಒಂದೇ, ಐವತ್ತನೆಯದಲ್ಲ.

ದೂರಮಾಪಕ ಇರಲೇಬೇಕು. ಸೆಕೆಂಡಿಗೆ 270 ಅಡಿ ವೇಗದ ಬಾಣವನ್ನು 45 ಗಜದ ಪ್ರಾಣಿಗೆ 40 ಗಜದ ಸೂಜಿಯಿಂದ ಬಿಟ್ಟರೆ ಸುಮಾರು 5 ಇಂಚು ಕೆಳಗೆ ಬೀಳುತ್ತದೆ. ಇಳಿಜಾರಿನಲ್ಲಿ ಲೆಕ್ಕ ಬೇರೆ. ಬಾಣವನ್ನು ಗುರುತ್ವ ಎಳೆಯುವುದು ಅಡ್ಡದೂರಕ್ಕೆ ತಕ್ಕಂತೆ, ಕಣ್ಣಿಗೆ ಕಾಣುವ ಓರೆದೂರಕ್ಕೆ ತಕ್ಕಂತೆ ಅಲ್ಲ. 30 ಡಿಗ್ರಿ ಇಳಿಜಾರಿನಲ್ಲಿ ಮಾಪಕ 40 ಗಜ ಎಂದರೆ 35ಕ್ಕೆ ಗುರಿ ಹಿಡಿಯಬೇಕು. ಮೇಲೆ ಹೊಡೆದರೂ ಕೆಳಗೆ ಹೊಡೆದರೂ ಇದೇ ಲೆಕ್ಕ. ಕೋನ ಕಳೆದು ತೋರಿಸುವ ಮಾಪಕವನ್ನೇ ಕೊಳ್ಳಿ.

ದೇಹವನ್ನು ಹೇಗೆ ಸಿದ್ಧಮಾಡಬೇಕು?

ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕೊಲರಾಡೊದ ಸೆಪ್ಟೆಂಬರ್ ಎಲ್ಕ್ ಸಾಮಾನ್ಯವಾಗಿ 2,400ರಿಂದ 3,600 ಮೀಟರಿನ ನಡುವೆ ಇರುತ್ತದೆ. ಡಲ್ಲಾಸ್, ನ್ಯೂಜೆರ್ಸಿಯಂಥ ತಗ್ಗುಪ್ರದೇಶದಲ್ಲಿ ನೆಲೆಸಿದವರಿಗೆ ಮೊದಲ ಏರಿನಲ್ಲೇ ಎದೆ ಬಡಿದುಕೊಳ್ಳುತ್ತದೆ.

ಮಾರ್ಚಿನಿಂದ ವಾರಕ್ಕೆ ಮೂರು ದಿನ ಚೀಲ ಹೊತ್ತು ನಡೆಯಿರಿ. 8 ಕಿಲೋದಿಂದ ಶುರುಮಾಡಿ, ಆಗಸ್ಟ್ ಹೊತ್ತಿಗೆ 20 ಕಿಲೋ. ಬೆಟ್ಟವಿಲ್ಲದ ಊರಿನವರು ಮೆಟ್ಟಿಲು ಹತ್ತಲಿ. ಇಳಿಯುವುದನ್ನೂ ಅಭ್ಯಾಸ ಮಾಡಿ, ಮಂಡಿ ಕೈಕೊಡುವುದು ಭಾರ ಹೊತ್ತು ಇಳಿಯುವಾಗಲೇ. ಬೂಟನ್ನು ಕನಿಷ್ಠ 80 ಕಿಲೋಮೀಟರ್ ಸವೆಸಿ ತನ್ನಿ. ಹೊಸ ಬೂಟಿನ ಬೊಬ್ಬೆಯಿಂದ ಎರಡನೇ ದಿನವೇ ಟೆಂಟಿನಲ್ಲಿ ಕೂರಬೇಕಾದೀತು.

ಋತುವಿಗೆ ಎರಡು ಮೂರು ದಿನ ಮೊದಲೇ ಎತ್ತರದ ಊರಿಗೆ ಬಂದು ತಂಗಿ. ತಲೆನೋವು, ವಾಕರಿಕೆ, ನಿದ್ದೆಗೇಡು ಬಂದರೆ ಇನ್ನೂ ಮೇಲಕ್ಕೆ ಏರಬೇಡಿ. ಕೂತಲ್ಲೇ ಉಸಿರು ಕಟ್ಟಿದರೆ, ಕೆಮ್ಮಿನೊಂದಿಗೆ ನೊರೆ ಬಂದರೆ, ನಡಿಗೆ ತಪ್ಪಿದರೆ ರಾತ್ರಿಯಾದರೂ ಸರಿ ಕೆಳಗಿಳಿಯಲೇಬೇಕು.

ಎಲ್ಕ್ ಇರುವ ಜಾಗ ಗೊತ್ತಾಗುವುದು ಹೇಗೆ?

ಬಿಸಿಲೇರಿದ ಮೇಲೆ ಎಲ್ಕ್ ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಮರಗಳ ನೆರಳಲ್ಲಿ ಮಲಗುತ್ತದೆ. ರಾತ್ರಿ ಹುಲ್ಲುಬಯಲಿನಲ್ಲಿ ಮೇಯುತ್ತದೆ. ಮೇವು, ನೀರು, ಕತ್ತಲೆಯ ಕಾಡು, ಈ ಮೂರೂ ಒಂದು ಮೈಲಿಯೊಳಗೆ ಸಿಗುವ, ರಸ್ತೆಯಿಂದ ದೂರದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ. ಒಂದಲ್ಲ, ನಾಲ್ಕೈದು. ಮೊದಲನೆಯದರಲ್ಲಿ ಬೇರೆ ಬೇಟೆಗಾರರ ಗಾಡಿಗಳು ನಿಂತಿರುವುದು ಮಾಮೂಲು.

ಸ್ಥಳದಲ್ಲಿ ಹುಡುಕಬೇಕಾದದ್ದು ಹೊಸ ಗುರುತು. ಹಸಿಯಾಗಿ ಹೊಳೆಯುವ ಹಿಕ್ಕೆ, ಕೊಂಬು ಉಜ್ಜಿ ತೊಗಟೆ ಸುಲಿದು ಅಂಟು ಒಸರುವ ಎಳೆಮರ, ನೀರು ಇನ್ನೂ ಕದಡಿರುವ ಕೆಸರುಹೊಂಡ. ಗಂಡು ಎಲ್ಕ್ ಆ ಕೆಸರಿನಲ್ಲಿ ಹೊರಳುತ್ತದೆ, ಅದರ ಗಡಸು ವಾಸನೆ ನಿಮ್ಮ ಮೂಗಿಗೂ ಬಡಿಯುತ್ತದೆ. ಹಳೆಯ ಗುರುತು ಎಷ್ಟೇ ಇದ್ದರೂ ಅಲ್ಲಿ ದಿನ ಕಳೆಯಬೇಡಿ. ಎರಡು ದಿನ ನೋಡಿ, ಹೊಸದು ಕಾಣದಿದ್ದರೆ ಮುಂದಿನ ಜಾಗಕ್ಕೆ ಹೊರಡಿ.

ಕೊಲರಾಡೊದಲ್ಲಿ ಖಾಸಗಿ ಜಮೀನಿಗೆ ಬೇಲಿಯಾಗಲಿ ಫಲಕವಾಗಲಿ ಇರಲೇಬೇಕೆಂದಿಲ್ಲ. ಗಡಿ ತಿಳಿದುಕೊಳ್ಳುವುದು ನಿಮ್ಮ ಹೊಣೆ. ಜಮೀನಿನ ಗಡಿ ತೋರಿಸುವ ನಕ್ಷೆಯನ್ನು ಸಿಗ್ನಲ್ ಇಲ್ಲದೆಡೆಯೂ ತೆರೆದುಕೊಳ್ಳುವಂತೆ ಫೋನಿಗೆ ಮೊದಲೇ ಇಳಿಸಿಕೊಳ್ಳಿ.

ಗಾಳಿಯ ಬಗ್ಗೆ ಎಲ್ಲರೂ ಇಷ್ಟೊಂದು ಹೇಳುವುದೇಕೆ?

ಮೊದಲ ಬೇಟೆ ಕೆಡುವುದು ಹೆಚ್ಚಾಗಿ ಗಾಳಿಯಿಂದಲೇ. ಎಲ್ಕ್ ನಿಮ್ಮನ್ನು ಕಂಡರೆ ಒಮ್ಮೊಮ್ಮೆ ನಿಂತು ನೋಡುತ್ತದೆ, ಸದ್ದು ಕೇಳಿದರೆ ಇನ್ನೊಂದು ಎಲ್ಕ್ ಇರಬಹುದೆಂದು ತಾಳಿಕೊಳ್ಳುತ್ತದೆ. ಮನುಷ್ಯನ ವಾಸನೆ ಸಿಕ್ಕಿತೋ, ಇಡೀ ಹಿಂಡು ಕಣಿವೆ ದಾಟಿ ಹೋಗುತ್ತದೆ. ವಾಸನೆ ಅಡಗಿಸುವ ಸಾಬೂನು, ಬಟ್ಟೆಗಳಿಗೆ ದುಡ್ಡು ಸುರಿಯಬೇಡಿ. ಮೂರು ದಿನ ಬೆವತ ಮೈಯನ್ನು ಯಾವುದೂ ಅಡಗಿಸುವುದಿಲ್ಲ.

ಬೆಟ್ಟದ ಗಾಳಿಗೆ ದಿನಚರಿ ಇದೆ. ರಾತ್ರಿ ತಣಿದ ಗಾಳಿ ಭಾರವಾಗಿ, ನೀರಿನಂತೆ ಕಣಿವೆಯತ್ತ ಇಳಿಯುತ್ತದೆ, ಬಿಸಿಲು ಬೀಳುವವರೆಗೂ ಇದೇ ಓಟ. ಇಳಿಜಾರು ಕಾದಮೇಲೆ, ಸುಮಾರು ಎಂಟರಿಂದ ಹತ್ತರ ನಡುವೆ, ಅದು ತಿರುಗಿ ಮೇಲಕ್ಕೆ ಏರತೊಡಗುತ್ತದೆ. ಸಂಜೆ ನೆರಳು ಬಿದ್ದಂತೆ ಮತ್ತೆ ಇಳಿಯುತ್ತದೆ. ಆದ್ದರಿಂದ ಮುಂಜಾನೆ ಪ್ರಾಣಿಗಿಂತ ಕೆಳಗಿನಿಂದ ಅಥವಾ ಅದೇ ಮಟ್ಟದಲ್ಲಿ ಪಕ್ಕದಿಂದ ಸಾಗಿ, ಗಾಳಿ ಏರತೊಡಗಿದ ಮೇಲೆ ಮೇಲಿನಿಂದ ಬನ್ನಿ. ತಿರುಗುವ ಆ ಒಂದು ಗಂಟೆಯ ಹೊತ್ತು ಗಾಳಿ ನಾಲ್ಕೂ ದಿಕ್ಕಿಗೆ ಸುಳಿಯುತ್ತದೆ. ಆಗ ಹತ್ತಿರ ಹೋಗದೆ ಕೂತು ತಿಂಡಿ ತಿನ್ನುವುದೇ ಮೇಲು. ಮೋಡ ಮುಚ್ಚಿದ ದಿನ ಈ ದಿನಚರಿ ನಡೆಯುವುದಿಲ್ಲ, ಹರಿಯುವ ತೊರೆಯ ಪಕ್ಕದಲ್ಲಿ ಹಗಲಲ್ಲೂ ತಂಪುಗಾಳಿ ಕೆಳಗೇ ಇಳಿಯುತ್ತಿರುತ್ತದೆ.

ಪುಡಿ ಚಿಮ್ಮಿಸುವ ಸಣ್ಣ ಸೀಸೆ ನಿಮ್ಮೆದುರಿನ ಎರಡು ಮೀಟರಿನ ಗಾಳಿಯನ್ನಷ್ಟೇ ತೋರಿಸುತ್ತದೆ. ಮಿಲ್ಕ್‌ವೀಡ್ ಗಿಡದ ಬೀಜದ ರೇಷ್ಮೆ ಎಳೆ ಇದಕ್ಕಿಂತ ಬಹಳ ಒಳ್ಳೆಯದು. ನಮ್ಮ ಎಕ್ಕದ ಕಾಯಿ ಒಡೆದಾಗ ಹಾರುವ ಹತ್ತಿಯಂಥದ್ದೇ ಅದು, ಎರಡೂ ಒಂದೇ ಕುಟುಂಬದ ಗಿಡಗಳು. ಒಂದು ಎಳೆ ತೇಲಿಬಿಟ್ಟರೆ 50 ಮೀಟರ್ ಆಚೆ ಗಾಳಿ ಎಲ್ಲಿ ಹೊರಳುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಕೂಗಿ ಕರೆಯುವುದು ಕಲಿಯಲೇಬೇಕೇ?

ಸೆಪ್ಟೆಂಬರ್ ಬೆದೆಯ ಕಾಲ, ಮಧ್ಯಭಾಗದ ನಂತರ ಅದು ತಾರಕಕ್ಕೇರುತ್ತದೆ. ಗಂಡಿನ ಕೂಗು ಕೊಳಲಿನಂತೆ ಏರಿ ಗೊರಗೊರದಲ್ಲಿ ಮುಗಿಯುತ್ತದೆ. ಹೊಸಬರು ಮೊದಲು ಕಲಿಯಬೇಕಾದದ್ದು ಹೆಣ್ಣಿನ ಮೆಲುದನಿ. ಬಾಯಲ್ಲಿಟ್ಟು ಊದುವ ಪೊರೆಯ ಪೀಪಿಗೆ ಎರಡು ತಿಂಗಳ ಅಭ್ಯಾಸ ಬೇಕು, ಕಾರಿನಲ್ಲಿ ಓಡಾಡುವಾಗ ಊದಿ. ಅದು ಒಲಿಯದಿದ್ದರೆ ಕೈಯಲ್ಲಿ ಹಿಡಿಯುವ ಪೀಪಿ ಸಾಕು.

ಕೂಗುವುದಕ್ಕಿಂತ ಎಲ್ಲಿ ಕೂರುತ್ತೀರಿ ಎಂಬುದು ಮುಖ್ಯ. ಬರುವ ಗಂಡು, ಕೂಗಿದ ಹೆಣ್ಣು ಕಣ್ಣಿಗೆ ಬೀಳಬೇಕಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಹೆಣ್ಣು ಕಾಣದಿದ್ದರೆ ಮುಂದೆ ಹೆಜ್ಜೆ ಇಡುವುದಿಲ್ಲ. ತೆರೆದ ಬಯಲಿನ ಅಂಚಿನಲ್ಲಿ ಕೂತು ಕೂಗಿದವರಿಗೆ ಅದು 70, 80 ಗಜದಲ್ಲೇ ಸಿಕ್ಕಿಹಾಕಿಕೊಳ್ಳುವುದು ಇದಕ್ಕೇ. ತಿರುವಿನ ಹಿಂದೆ, ಸಣ್ಣ ದಿಣ್ಣೆಯ ಆಚೆ, ಅದು ಇಣುಕಿ ನೋಡುವ ಜಾಗ ನಿಮ್ಮ ಬಾಣದ ಅಳತೆಯೊಳಗೆ ಇರುವಂತೆ ಕೂರಿ. ಇಬ್ಬರಿದ್ದರೆ ಬಿಲ್ಲುಗಾರ ಕೂಗುವವನಿಗಿಂತ 40 ಮೀಟರ್ ಮುಂದೆ, ಗಾಳಿ ಬೀಸಿಹೋಗುವ ಕಡೆಗೆ ಸ್ವಲ್ಪ ಸರಿದು ನಿಲ್ಲಲಿ. ಗಂಡು ವಾಸನೆ ಹಿಡಿಯಲು ಆ ಕಡೆಯಿಂದಲೇ ಸುತ್ತಿ ಬರುತ್ತದೆ. ಪೊದೆಯ ಹಿಂದೆ ಅಡಗಿದರೆ ಬಾಣ ಬಿಡಲು ಜಾಗವಿರುವುದಿಲ್ಲ. ಪೊದೆಗೆ ಬೆನ್ನು ಕೊಟ್ಟು ಮುಂದೆ ನಿಲ್ಲಿ. ಅದರ ತಲೆ ಮರದ ಮರೆಗೆ ಹೋದ ಕ್ಷಣದಲ್ಲಿ ಹೆದೆ ಎಳೆಯಿರಿ.

ಹಲವು ಘಟಕಗಳಲ್ಲಿ ಒಂದು ಕೊಂಬಿಗೆ ನಾಲ್ಕು ಕವಲು, ಇಲ್ಲವೇ ಹುಬ್ಬಿನ ಕವಲು (ಹಣೆಯ ಬಳಿಯ ಬುಡದ ಕವಲು) ಐದು ಇಂಚು ಇದ್ದರಷ್ಟೇ ಗಂಡನ್ನು ಹೊಡೆಯಬಹುದು. ಎಣಿಸಿದ ಮೇಲೆ ಬಿಲ್ಲೆತ್ತಿ.

ಬಾಣ ಎಲ್ಲಿ ತಾಗಬೇಕು?

ಪ್ರಾಣಿ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಅಥವಾ ಸ್ವಲ್ಪ ಆಚೆಗೆ ಮುಖ ಮಾಡಿರಬೇಕು. ಮುಂಗಾಲಿನ ಹಿಂದಿನ ಮಡಿಕೆಯ ನೇರಕ್ಕೆ, ಎದೆಯ ಕೆಳಗಿನಿಂದ ಮೂರನೇ ಒಂದು ಪಾಲು ಎತ್ತರದಲ್ಲಿ ಗುರಿ ಹಿಡಿಯಿರಿ. ಆಚೆಗೆ ಮುಖ ಮಾಡಿದ್ದರೆ, ಬಾಣ ಆ ಬದಿಯ ಮುಂಗಾಲಿನ ಕಡೆ ಹೊರಬರುವಂತೆ ಗುರಿಯನ್ನು ಹಿಂದಕ್ಕೆ ಸರಿಸಿ. ಎದುರಿಗೆ ಮುಖ ಮಾಡಿ ನಿಂತದ್ದಕ್ಕೆ ಹೊಸಬರು ಬಾಣ ಬಿಡಲೇಬಾರದು. ಭುಜದ ಮೂಳೆ ಬಾಣವನ್ನು ತಡೆಯುತ್ತದೆ, ಗಾಯಗೊಂಡ ಪ್ರಾಣಿ ದಿನಗಟ್ಟಲೆ ನರಳುತ್ತದೆ. ಅಂಥ ಅವಕಾಶ ಬಿಟ್ಟುಕೊಟ್ಟರೆ ಏನೂ ನಷ್ಟವಿಲ್ಲ.

ತಾಗಿದ ಮೇಲೆ ಎಷ್ಟು ಹೊತ್ತು ಕಾಯಬೇಕು?

ಬಾಣ ಬಿಟ್ಟ ಜಾಗ, ಪ್ರಾಣಿ ನಿಂತಿದ್ದ ಜಾಗ, ಕೊನೆಗೆ ಕಂಡ ಮರ, ಈ ಮೂರನ್ನೂ ಫೋನಿನಲ್ಲಿ ಗುರುತು ಹಾಕಿ ಕೂರಿ. ಬಾಣ ಸಿಕ್ಕರೆ ರಕ್ತ ಓದಿ. ಗುಲಾಬಿ ಬಣ್ಣ, ಗುಳ್ಳೆ ನೊರೆ ಇದ್ದರೆ ಶ್ವಾಸಕೋಶ, 30ರಿಂದ 45 ನಿಮಿಷ ಕಾಯಿರಿ. ಕಡುಕೆಂಪು ಇದ್ದರೆ ಯಕೃತ್ತು, ನಾಲ್ಕು ಗಂಟೆ. ಹಸಿರು ಕಲೆ, ಹೊಟ್ಟೆಯ ನಾತ ಇದ್ದರೆ ಎಂಟರಿಂದ ಹನ್ನೆರಡು ಗಂಟೆ. ಅವಸರದಲ್ಲಿ ಹಿಂದೆ ಬಿದ್ದರೆ ಮಲಗಿದ್ದ ಪ್ರಾಣಿ ಎದ್ದು ಮೈಲಿಗಟ್ಟಲೆ ಹೋಗುತ್ತದೆ. ಮಳೆ ಅಥವಾ ಹಿಮ ಬರುವಂತಿದ್ದರೆ ಜಾಡು ತೊಳೆದುಹೋಗುವ ಭಯ ಇರುತ್ತದೆ, ಆಗ ನಿರ್ಧಾರ ಕಷ್ಟ. ಆದರೂ ಹೊಟ್ಟೆಗೆ ತಾಗಿದ್ದನ್ನು ತಳ್ಳಿಕೊಂಡು ಹೋಗಬಾರದು ಎಂಬುದೇ ನಮ್ಮ ಅಭಿಪ್ರಾಯ.

ಮಾಂಸ ಕೆಡದಂತೆ ಹೇಗೆ ತರುವುದು?

ಸೆಪ್ಟೆಂಬರ್ ಹಗಲು 20 ಡಿಗ್ರಿ ದಾಟುತ್ತದೆ. ದಪ್ಪ ಚರ್ಮದ ಇಷ್ಟು ದೊಡ್ಡ ದೇಹ ತಾನಾಗಿ ತಣಿಯುವುದಿಲ್ಲ. ಮೊದಲು ಕೊಳೆಯುವುದು ತೊಡೆಯ ಕೀಲಿನ ಸುತ್ತ, ಮೂಳೆಗೆ ಅಂಟಿದ ಮಾಂಸ. ಸಿಕ್ಕ ತಕ್ಷಣ ಪರವಾನಗಿಯ ಚೀಟಿಗೆ ಸಹಿ, ದಿನಾಂಕ ಹಾಕಿ, ಚರ್ಮ ಸುಲಿಯಲು ಶುರುಮಾಡಿ.

ಹೊಟ್ಟೆ ಬಗೆಯದ ವಿಧಾನ ಹೊಸಬರಿಗೆ ಸುಲಭ. ಪ್ರಾಣಿಯನ್ನು ಪಕ್ಕಕ್ಕೆ ಮಲಗಿಸಿ ಬೆನ್ನುಮೂಳೆಯ ಉದ್ದಕ್ಕೆ ಚರ್ಮ ಸೀಳಿ, ಹೊಟ್ಟೆಯ ಕಡೆಗೆ ಬಿಡಿಸಿ. ಮುಂಗಾಲಿಗೆ ಮೂಳೆಯ ಕೀಲಿಲ್ಲ, ಎತ್ತಿಹಿಡಿದು ಮಾಂಸ ಕೊಯ್ದರೆ ಬರುತ್ತದೆ. ಹಿಂಗಾಲಿನ ಗುಂಡುಕೀಲನ್ನು ಬಿಡಿಸಬೇಕು. ಬೆನ್ನಿನ ಉದ್ದಪಟ್ಟಿ, ಕುತ್ತಿಗೆ ತೆಗೆದು, ಕೊನೆಯ ಪಕ್ಕೆಲುಬಿನ ಹಿಂದಿನಿಂದ ಕೈಹಾಕಿ ಬೆನ್ನುಮೂಳೆಯ ಒಳಬದಿಯ ಮಾಂಸವಾದ ಒಳಪಟ್ಟಿಯನ್ನು ಬಿಡಿಸಿ, ಮಗ್ಗುಲು ಹೊರಳಿಸಿ. ನಾಲ್ಕು ಕಾಲು, ಬೆನ್ನಿನ ಪಟ್ಟಿ, ಒಳಪಟ್ಟಿ, ಇಷ್ಟನ್ನು ಬಿಟ್ಟುಬರುವುದು ಅಪರಾಧ. ಗಂಡೋ ಹೆಣ್ಣೋ ಎಂಬ ಗುರುತಿನ ಅಂಗ ಒಂದು ಹಿಂಗಾಲಿಗೆ ಸಹಜವಾಗಿ ಅಂಟಿಕೊಂಡೇ ಇರಬೇಕು. ಆತುರದಲ್ಲಿ ಅದನ್ನೂ ಕೊಯ್ದು ದಂಡ ತೆತ್ತವರಿದ್ದಾರೆ.

ಗಾಳಿಯಾಡುವ ಬಟ್ಟೆಚೀಲ ಐದಾರು, ಬದಲಿಸುವ ಅಲಗಿನ ಚಾಕು ಮತ್ತು ಆರು ಅಲಗು, 15 ಮೀಟರ್ ಹಗ್ಗ, ಎರಡು ತಲೆದೀಪ, ಇವು ಸದಾ ಚೀಲದಲ್ಲಿರಲಿ. ಪ್ಲಾಸ್ಟಿಕ್ ಚೀಲ ಬೇಡ, ಬಿಸಿ ಒಳಗೇ ಉಳಿಯುತ್ತದೆ. ನೆರಳಲ್ಲಿ ತೂಗುಹಾಕಿ, ಒಡಲಿನ ಉಳಿಕೆಯಿಂದ 100 ಮೀಟರ್ ಆಚೆಗೆ. ಕರಡಿ ಮೊದಲು ಬರುವುದು ಆ ಉಳಿಕೆಗೆ.

ಮೂಳೆ ಬಿಡಿಸಿದರೂ ಗಂಡಿನದು 80ರಿಂದ 100 ಕಿಲೋ ಮಾಂಸ. ಒಬ್ಬರೇ ಆದರೆ ನಾಲ್ಕೈದು ಸಲ ಹೊರಬೇಕು. ರಸ್ತೆಯಿಂದ 5 ಕಿಲೋಮೀಟರ್ ಒಳಗೆ ಹೊಡೆದರೆ ಹೋಗಿಬರುವ ನಡಿಗೆಯೇ 40 ದಾಟುತ್ತದೆ. ಎಷ್ಟು ಒಳಕ್ಕೆ ಹೋಗಬೇಕು ಎಂಬುದನ್ನು ಬಾಣ ಬಿಡುವ ಮೊದಲೇ ಈ ಲೆಕ್ಕದಲ್ಲಿ ತೀರ್ಮಾನಿಸಿ. ಗಾಡಿಯಲ್ಲಿ 100 ಲೀಟರಿನ ಎರಡು ಐಸ್‌ಪೆಟ್ಟಿಗೆ ಕಾಯುತ್ತಿರಲಿ. ನೀರು ಹರಿದುಹೋಗುವಂತೆ ತೂಬು ತೆರೆದಿಡಿ.

ಊಟ, ನೀರು, ಹವೆ?

ದಿನಕ್ಕೆ 3,000ದಿಂದ 4,000 ಕ್ಯಾಲೊರಿ ಬೇಕು. 3,000 ಮೀಟರಿನಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ, ಅಕ್ಕಿಬೇಳೆ ಬೇಯದೆ ಗ್ಯಾಸ್ ಮುಗಿಯುತ್ತದೆ. ಬಿಸಿನೀರಿಗೆ ಅರಳುವ ಅವಲಕ್ಕಿ, ಹುರಿದಿಟ್ಟ ರವೆಯ ಉಪ್ಪಿಟ್ಟಿನ ಮಿಶ್ರಣ, ಚಟ್ನಿಪುಡಿ, ಕಡಲೆಬೀಜದ ಚಿಕ್ಕಿ ಇಲ್ಲಿ ಚೆನ್ನಾಗಿ ಒದಗುತ್ತವೆ. ತೊರೆಯ ನೀರು ಎಷ್ಟೇ ತಿಳಿಯಿದ್ದರೂ ಸೋಸಿ ಕುಡಿಯಿರಿ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಪರಜೀವಿ ಇರುತ್ತದೆ. ರಾತ್ರಿ ಸೊನ್ನೆಗಿಂತ ಕೆಳಗಿಳಿಯಬಹುದು, ಹಿಮವೂ ಬೀಳಬಹುದು. ಹತ್ತಿಬಟ್ಟೆ ಬೇಡ, ಉಣ್ಣೆ ತೊಡಿ. ಮಧ್ಯಾಹ್ನ ಗುಡುಗು ಕೇಳಿಸಿದರೆ ಏಣಿನಿಂದ ಇಳಿದುಬಿಡಿ. ಸಿಗ್ನಲ್ ಇಲ್ಲದೆಡೆ ಉಪಗ್ರಹ ಸಂದೇಶ ಸಾಧನ ಒಂದಿರಲಿ.

ಮೊದಲ ಸಲವೇ ಸಿಗುತ್ತದೆಯೇ?

ಬಿಲ್ಲಿನಲ್ಲಿ ರಾಜ್ಯದ ಸರಾಸರಿ ಹತ್ತು ಮಂದಿಗೆ ಒಬ್ಬರ ಆಸುಪಾಸು. ಏಳು ದಿನಕ್ಕಿಂತ ಕಡಿಮೆ ರಜೆ ಹಾಕಬೇಡಿ. ಬಹುಪಾಲು ಹೊಸಬರು ನಾಲ್ಕನೇ ದಿನ ಸುಸ್ತಾಗಿ ಇಳಿದುಬಿಡುತ್ತಾರೆ, ಎಲ್ಕ್ ಎಲ್ಲಿದೆ ಎಂದು ಅರ್ಥವಾಗತೊಡಗುವುದೂ ಆ ಹೊತ್ತಿಗೇ. ಒಂದು ಮಧ್ಯಾಹ್ನ ಪೂರ್ತಿ ಮಲಗಿ ವಿಶ್ರಾಂತಿ ತೆಗೆದುಕೊಂಡು ಮತ್ತೆ ಹತ್ತಿ.

ಮಾಂಸ ತಿನ್ನಲು ಸುರಕ್ಷಿತವೇ, ಅಡುಗೆ ಹೇಗೆ?

ಜಿಂಕೆಯ ಕುಟುಂಬಕ್ಕೆ ಬರುವ, ಮೆದುಳು ಸವೆಸುವ ದೀರ್ಘಕಾಲಿಕ ಕ್ಷೀಣರೋಗ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಮೊದಲು ಕಂಡದ್ದು 1967ರಲ್ಲಿ, ಕೊಲರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ. ತಲೆಯನ್ನು ವನ್ಯಜೀವಿ ಇಲಾಖೆಯ ಕೇಂದ್ರಕ್ಕೆ ಕೊಟ್ಟರೆ ಪರೀಕ್ಷೆ ಮಾಡುತ್ತಾರೆ. ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿ ಬೇರೆಯಾಗಿಡಿ, ರೋಗ ಇದೆ ಎಂದರೆ ತಿನ್ನಬೇಡಿ. ಎಲ್ಕ್ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಬೆನ್ನಿನ ಪಟ್ಟಿಯನ್ನು ಹೆಚ್ಚು ಹೊತ್ತು ಉರಿಯ ಮೇಲಿಟ್ಟರೆ ಚಕ್ಕೆಯಂತಾಗುತ್ತದೆ. ಮೊಣಕಾಲಿನ ಕೆಳಗಿನ ನರಭರಿತ ತುಂಡುಗಳನ್ನು ಗಿರಣಿಗೆ ಹಾಕಿ ಕೈಮಾ ಮಾಡಿಸಬೇಡಿ. ಮೂಳೆಸಮೇತ ಕುಕ್ಕರಿನಲ್ಲಿ ಒಂದು ಗಂಟೆ ಬೇಯಿಸಿ, ಹುರಿದ ಮಸಾಲೆ ರುಬ್ಬಿ ಹಾಕಿದರೆ ಮುದ್ದೆಗೆ ಗಟ್ಟಿ ಸಾರು ಆಗುತ್ತದೆ.